ದೂರದಲ್ಲಿ ಕೂತು ಕೆಲಸಕ್ಕೆ ಸೇರುವವರನ್ನು ಕಾಯಿಸಬೇಡಿ

ಆಫೀಸಿನಲ್ಲಿ ಹೊಸಬರಿಗೆ ಮೊದಲ ದಿನ ಲ್ಯಾಪ್‌ಟಾಪ್ ಸಿಗದಿದ್ದರೂ ದಿನ ಹೇಗೋ ಕಳೆಯುತ್ತದೆ. ಪಕ್ಕದ ಸೀಟಿನವರು ಕಾಫಿಗೆ ಕರೆಯುತ್ತಾರೆ, ಊಟದ ಹೊತ್ತಿಗೆ ನಾಲ್ಕು ಹೆಸರು ಗೊತ್ತಾಗುತ್ತವೆ, ಸಂಜೆಯೊಳಗೆ ಯಾರ ಹತ್ತಿರ ಏನು ಕೇಳಬೇಕು ಎಂಬ ಅಂದಾಜು ಬಂದಿರುತ್ತದೆ. ಶಿರಸಿಯಲ್ಲೋ ವಿಜಯಪುರದಲ್ಲೋ ಮನೆಯ ಒಂದು ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಸೇರಿದವರಿಗೆ ಇದ್ಯಾವುದೂ ಇಲ್ಲ. ಲಾಗಿನ್ ಆಗದ ಪರದೆಯೇ ಅವರ ಪಾಲಿನ ಇಡೀ ಕಂಪನಿ. ಅಡುಗೆಮನೆಯಿಂದ 'ಕೆಲಸ ಶುರುವಾಯ್ತಾ?' ಅಂತ ಕೇಳುತ್ತಾರೆ. ಇವರು 'ಹೂಂ' ಅಂದು ಸುಮ್ಮನೆ ಕೂತಿರುತ್ತಾರೆ.

ದೂರದಿಂದ ಸೇರುವವರ ವಿಚಾರದಲ್ಲಿ ಕೆಡುವುದು ಹೆಚ್ಚಾಗಿ ಈ ಕಾಯುವುದರಿಂದಲೇ. ಟೀ ಶರ್ಟು, ಮಗ್ಗು, ಸ್ವಾಗತದ ಪೋಸ್ಟರು ಎಲ್ಲ ಆಮೇಲಿನ ಮಾತು. ಕಾಯುವಿಕೆಯ ಬಹುಪಾಲು ಹುಟ್ಟುವುದು ಸೇರುವ ದಿನಕ್ಕಿಂತ ಮೊದಲೇ, ಕಂಪನಿಯ ಕಡೆಯಿಂದಲೇ. ಐವತ್ತು–ನೂರು ಜನರಿರುವ, ಎಚ್‌ಆರ್ ಅಂದರೆ ಒಬ್ಬರೋ ಇಬ್ಬರೋ ಇರುವ ಕಂಪನಿಗಳಿಗಾಗಿ ಈ ಬರಹ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಲ್ಲ ಬೇರೆ ಬೇರೆ ವಿಭಾಗಗಳಿರುತ್ತವೆ. ಅಲ್ಲಿಯೂ ಕಾಯಿಸುತ್ತಾರೆ, ಆದರೆ ಟಿಕೆಟ್ ನಂಬರ್ ಕೊಟ್ಟು ಕಾಯಿಸುತ್ತಾರೆ.

ಯಾವತ್ತು ಸೇರಬೇಕು

ಸೋಮವಾರ ಬೇಡ. ಸೋಮವಾರ ಬೆಳಗ್ಗೆ ಎಲ್ಲರಿಗೂ ಮೀಟಿಂಗು, ಐಟಿಯವರಿಗೆ ವಾರಾಂತ್ಯದಲ್ಲಿ ಪಾಸ್‌ವರ್ಡ್ ಮರೆತವರ ಸಾಲು. ಬುಧವಾರ ಒಳ್ಳೆಯದು: ಏನಾದರೂ ಕೈಕೊಟ್ಟರೆ ಸರಿಪಡಿಸಲು ಎರಡು ದಿನ ಇರುತ್ತದೆ, ಮೊದಲ ವಾರವೂ ಚಿಕ್ಕದಾಗುತ್ತದೆ. ದಸರಾ, ದೀಪಾವಳಿ, ಗಣೇಶ ಹಬ್ಬದ ವಾರ ಬೇಡವೇ ಬೇಡ. ಜೊತೆಗಾರರೆಲ್ಲ ಊರಿಗೆ ಹೋಗಿರುತ್ತಾರೆ. ಇನ್ನೊಂದು ಮಾತು, ನಗಬೇಡಿ: ತಾರೀಖು ನಿಗದಿ ಮಾಡುವಾಗ ಅವರನ್ನೂ ಒಂದು ಮಾತು ಕೇಳಿ. ಆಷಾಢದಲ್ಲಿ ಹೊಸ ಕೆಲಸ ಬೇಡ ಎನ್ನುವ ಮನೆಗಳಿವೆ. ಶುಕ್ರವಾರ ಹತ್ತೂವರೆಗೆ ಮೊದಲ ಕಾಲ್ ಇಟ್ಟರೆ ಅದು ಸರಿಯಾಗಿ ರಾಹುಕಾಲ. ಅರ್ಧ ಗಂಟೆ ಮುಂಚೆ ಇಡುವುದರಿಂದ ಕಂಪನಿಗೇನೂ ನಷ್ಟವಿಲ್ಲ, ಮನೆಯ ಹಿರಿಯರಿಗೆ ಸಮಾಧಾನ.

ಸಂಬಳದ ಕಟ್‌ಆಫ್ ತಾರೀಖನ್ನು ಆಫರ್ ಕೊಡುವಾಗಲೇ ಹೇಳಿ. 20ಕ್ಕೋ 25ಕ್ಕೋ ಲೆಕ್ಕ ಮುಚ್ಚುವ ಕಂಪನಿಯಲ್ಲಿ 26ಕ್ಕೆ ಸೇರಿದವರಿಗೆ ಮೊದಲ ಸಂಬಳ ಬರುವುದು ಮುಂದಿನ ತಿಂಗಳ ಕೊನೆಗೆ. ಇಎಂಐ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ, ಕೇಳಲು ಅವರಿಗೆ ಸಂಕೋಚ ಬೇರೆ.

ಡಬ್ಬಿಯೊಳಗೆ ಏನಿರಬೇಕು

ಲ್ಯಾಪ್‌ಟಾಪ್ ಸೇರುವ ದಿನಕ್ಕೆ ಹತ್ತು ದಿನ ಮುಂಚೆ ಹೊರಡಬೇಕು, ಮೂರು ದಿನ ಮುಂಚೆ ಅವರ ಕೈಯಲ್ಲಿರಬೇಕು. ಖಾಸಗಿ ಕೊರಿಯರ್‌ಗಳು ತಾಲ್ಲೂಕು ಪೇಟೆಯವರೆಗೆ ಬಂದು 'ಬಂದು ತಗೊಂಡು ಹೋಗಿ' ಅಂತ ಫೋನ್ ಮಾಡುವುದು ಮಲೆನಾಡು, ಕರಾವಳಿಯ ಒಳಹಳ್ಳಿಗಳಲ್ಲಿ ಮಾಮೂಲು. ಬುಕ್ ಮಾಡುವ ಮುಂಚೆಯೇ ಪಿನ್‌ಕೋಡ್ ಹಾಕಿ ಮನೆಬಾಗಿಲಿನ ಡೆಲಿವರಿ ಇದೆಯೇ ನೋಡಿ. ಇಲ್ಲವಾದರೆ ಸ್ಪೀಡ್ ಪೋಸ್ಟ್ ಇನ್ಶೂರೆನ್ಸ್ ಸಮೇತ ಕಳಿಸಿ. ಊರಿನ ಪೋಸ್ಟ್‌ಮ್ಯಾನ್‌ಗೆ ಮನೆ ಗೊತ್ತಿರುತ್ತದೆ. ವಿಳಾಸದಲ್ಲಿ ಮನೆಯ ಹೆಸರು, ಹತ್ತಿರದ ಗುರುತು, ಎರಡು ಫೋನ್ ನಂಬರ್ ಇರಲಿ.

ಸಾಮಾನಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸಾಮಾನು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಚೀಟಿ) ಬೇಕು. ಇದು ಮಾರಾಟವಲ್ಲದ್ದರಿಂದ ಇನ್‌ವಾಯ್ಸ್ ಬದಲು ಡೆಲಿವರಿ ಚಲನ್ ಮಾಡಬೇಕು. ಇದನ್ನು ಮರೆತು ಪಾರ್ಸೆಲ್ ಕೊರಿಯರ್ ಹಬ್ಬಿನಲ್ಲೇ ಕೂತುಬಿಡುವುದುಂಟು. ಪ್ಯಾಕ್ ಮಾಡುವ ಮುಂಚೆ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ಅವರೂ ಡಬ್ಬಿ ಬಿಚ್ಚುವಾಗ ಒಂದು ವಿಡಿಯೊ ಮಾಡಲಿ. ಮುಂದೆ ಪರದೆ ಒಡೆದಿದ್ದು ಯಾರ ಕಾಲಕ್ಕೆ ಎಂಬ ಮಾತು ಬಂದಾಗ ಇಬ್ಬರಿಗೂ ಅದೇ ಆಧಾರ.

ಲ್ಯಾಪ್‌ಟಾಪ್, ಚಾರ್ಜರ್ ಜೊತೆಗೆ ಮೈಕ್ ಇರುವ ಹೆಡ್‌ಸೆಟ್, ಐದು ಮೀಟರ್ ನೆಟ್‌ವರ್ಕ್ ಕೇಬಲ್, ತೆಳು ಲ್ಯಾಪ್‌ಟಾಪ್ ಆದರೆ ಕೇಬಲ್ ಚುಚ್ಚಲು ಒಂದು ಯುಎಸ್‌ಬಿ ಅಡಾಪ್ಟರ್. ಇವೆಲ್ಲಕ್ಕಿಂತ ಮುಖ್ಯ, ಪ್ರಿಂಟ್ ಮಾಡಿದ ಒಂದು ಹಾಳೆ. ಮೊದಲ ಲಾಗಿನ್ ಮಾಡುವ ಕ್ರಮ, ಯೂಸರ್ ಐಡಿ, ಏನಾದರೂ ಕೆಟ್ಟರೆ ಫೋನ್ ಮಾಡಬೇಕಾದ ಇಬ್ಬರ ಹೆಸರು, ನಂಬರು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ, ಅದು ಫೋನಿನಲ್ಲೇ. ಎಷ್ಟೋ ಕಂಪನಿಗಳು ಈ ಸೂಚನೆಗಳನ್ನು ಚೆನ್ನಾಗಿ ಬರೆದು ಹೊಸಬರ ಆಫೀಸ್ ಮೇಲ್‌ಗೇ ಕಳಿಸುತ್ತವೆ. ಲಾಗಿನ್ ಆಗದೆ ಆ ಮೇಲ್ ತೆರೆಯುವುದಿಲ್ಲ. ಬೀಗದ ಕೈಯನ್ನು ಬೀಗ ಹಾಕಿದ ಮನೆಯೊಳಗೇ ಇಟ್ಟಂತೆ.

ಲಾಗಿನ್ ಎಲ್ಲಿ ಕೈಕೊಡುತ್ತದೆ

ಸೇರುವ ಎರಡು ದಿನ ಮುಂಚೆ ಐಟಿಯವರು ಮತ್ತು ಹೊಸಬರು ಮಾಮೂಲಿ ಫೋನ್ ಕಾಲ್‌ನಲ್ಲಿ ಕೂತು ಲ್ಯಾಪ್‌ಟಾಪ್ ಆನ್ ಮಾಡಿ ನೋಡಬೇಕು. ಮಾತು ಅರ್ಧ ಗಂಟೆಯದು. ಆಮೇಲೆ ಯಂತ್ರವನ್ನು ಬಿಟ್ಟು ಬೇರೆ ಕೆಲಸ ನೋಡಬಹುದು, ಏಕೆಂದರೆ ಕಂಪನಿಯ ಸೆಟ್ಟಿಂಗು, ಆ್ಯಪ್‌ಗಳು, ವಿಂಡೋಸ್ ಅಪ್‌ಡೇಟು ಎಲ್ಲ ಇಳಿಯಲು ಒಂದೆರಡು ಗಂಟೆ, ಕೆಲವು ಜಿಬಿ ಡೇಟಾ ಹಿಡಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡಿದರೆ ದಿನದ ಒಂದೂವರೆ–ಎರಡು ಜಿಬಿ ಪ್ಯಾಕ್ ಅರ್ಧ ದಾರಿಯಲ್ಲೇ ಮುಗಿದು ಸೆಟಪ್ ತೂಗುಬೀಳುತ್ತದೆ.

ಹಳೆಯ ಪದ್ಧತಿಯಲ್ಲಿ ಆಫೀಸಿನ ಸರ್ವರಿನ ಡೊಮೈನ್‌ಗೆ ಸೇರಿಸಿದ ಲ್ಯಾಪ್‌ಟಾಪ್ ಆದರೆ ಒಂದು ಖಚಿತ ಹೊಂಡ ಇದೆ. ವಿಂಡೋಸ್ ಒಬ್ಬರ ಪಾಸ್‌ವರ್ಡನ್ನು ಮೊದಲ ಸಲ ಸರ್ವರ್ ಹತ್ತಿರ ಕೇಳಿಯೇ ಒಪ್ಪುವುದು. ಆಮೇಲಷ್ಟೇ ತನ್ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಪುತ್ತೂರಿನ ಮನೆಯಿಂದ ಆ ಸರ್ವರ್ ಕಾಣಬೇಕಾದರೆ ವಿಪಿಎನ್ (ದೂರದಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಬೇಕು, ವಿಪಿಎನ್ ಹಾಕಲು ಮೊದಲು ಲಾಗಿನ್ ಆಗಬೇಕು. 'ಲಾಗಿನ್ ಸರ್ವರ್ ಸಿಗುತ್ತಿಲ್ಲ' ಎಂಬ ಅರ್ಥದ ಸಾಲು ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ತಪ್ಪಿದೆಯೇನೋ ಅಂತ ಅವರು ಹತ್ತು ಸಲ ಒತ್ತಿರುತ್ತಾರೆ. ಪರಿಹಾರ ಮೂರು: ಲಾಗಿನ್ ಪರದೆಯಲ್ಲೇ ವಿಪಿಎನ್ ಶುರುವಾಗುವಂತೆ ಮಾಡಿ ಕಳಿಸುವುದು, ಡಬ್ಬಿಗೆ ಹಾಕುವ ಮುಂಚೆ ಆಫೀಸಿನಲ್ಲೇ ಅವರ ಖಾತೆಯಿಂದ ಒಮ್ಮೆ ಲಾಗಿನ್ ಮಾಡಿಡುವುದು, ಇಲ್ಲವೇ ಯಂತ್ರವನ್ನು ನೇರ ಕ್ಲೌಡ್ ಖಾತೆಗೆ ಜೋಡಿಸುವುದು. ಹೊಸದಾಗಿ ಶುರು ಮಾಡುವವರು ಮೂರನೆಯದನ್ನೇ ಹಿಡಿಯಲಿ. ಎರಡನೆಯದು ನಡೆಯುತ್ತದೆ, ಆದರೆ ಅವರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಅಂಥದ್ದನ್ನು ಮೊದಲ ದಿನವೇ ಬದಲಿಸಲೇಬೇಕು.

ಮೈಕ್ರೋಸಾಫ್ಟ್ ಖಾತೆ ಬಳಸುವವರು ಮೊದಲ ಲಾಗಿನ್‌ಗೆ ಟೆಂಪರರಿ ಆ್ಯಕ್ಸೆಸ್ ಪಾಸ್ (ಸ್ವಲ್ಪ ಹೊತ್ತು ಮಾತ್ರ ನಡೆಯುವ ಪಾಸ್‌ಕೋಡ್) ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಸೆಟ್ಟಿಂಗ್ ಮುಟ್ಟದಿದ್ದರೆ ಅದರ ಆಯಸ್ಸು ಒಂದು ಗಂಟೆ. ಹಿಂದಿನ ರಾತ್ರಿ ಮಾಡಿಟ್ಟು ಬೆಳಗ್ಗೆ ಕೊಟ್ಟರೆ ಅದು ಸತ್ತುಹೋಗಿರುತ್ತದೆ. ಕಾಲ್‌ನಲ್ಲಿ ಕೂತಾಗಲೇ ಹುಟ್ಟಿಸಿ ಓದಿ ಹೇಳಿ. ಅಥೆಂಟಿಕೇಟರ್ ಆ್ಯಪ್‌ನ ಆರಂಕಿ ಕೋಡ್ ಮತ್ತೆ ಮತ್ತೆ ತಪ್ಪು ಎಂದು ಬಂದರೆ ಫೋನಿನ ಗಡಿಯಾರ ನೋಡಿ. ಆ ಕೋಡ್ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಲ್ಲೇ ಬದಲಾಗುವುದು. ಕೈಯಿಂದ ಸಮಯ ಹೊಂದಿಸಿಕೊಂಡ ಫೋನು ಎರಡು ನಿಮಿಷ ಮುಂದಿದ್ದರೂ ಕೆಲಸ ಕೆಡುತ್ತದೆ.

ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಐಟಿಯವರ ಬಳಿ ಇದೆಯೇ ಅಂತ ಕಳಿಸುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ಅಪ್‌ಡೇಟ್ ಆದ ಮೇಲೆ ಯಂತ್ರ ಒಮ್ಮೊಮ್ಮೆ ಅದನ್ನು ಕೇಳಿಬಿಡುತ್ತದೆ. 48 ಅಂಕಿ, ಆರಾರರ ಎಂಟು ಗುಂಪು. ಫೋನಿನಲ್ಲಿ ಗುಂಪುಗುಂಪಾಗಿ ಹೇಳಿ. ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆಯಾದ್ದರಿಂದ ಒಂದಂಕಿ ತಪ್ಪಿದರೂ ಅದೇ ಗುಂಪಿನಲ್ಲಿ ಯಂತ್ರ ತಡೆಯುತ್ತದೆ.

ಕಾಗದಪತ್ರ: ಹೆಸರು, ಬ್ಯಾಂಕು, ಪಿಎಫ್, ತೆರಿಗೆ

ನಮ್ಮ ಕಡೆ ಹೆಸರೇ ಮೊದಲ ತೊಡಕು. ಹಳೆ ಮೈಸೂರಿನವರಿಗೆ ಇನಿಷಿಯಲ್, ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ 'ಮಂಜುನಾಥ ಕೃಷ್ಣಪ್ಪ', ಆಧಾರ್‌ನಲ್ಲಿ ಮತ್ತೊಂದು. ಆಫರ್ ಒಪ್ಪಿದ ದಿನವೇ ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಹೆಸರು ಅಕ್ಷರಶಃ ಹೇಗಿದೆ ಅಂತ ಅವರ ಕೈಯಲ್ಲೇ ಟೈಪ್ ಮಾಡಿಸಿ. ಪಿಎಫ್ ದಾಖಲೆ ನಡೆಯುವುದು ಆಧಾರ್‌ನ ಹೆಸರಿನ ಮೇಲೆ. ತಿದ್ದುಪಡಿ ಬೇಕಾದರೆ ವಾರಗಳೇ ಹಿಡಿಯುತ್ತವೆ, ಮೊದಲ ಸಂಬಳದ ಹೊತ್ತಿಗೆ ಗೊತ್ತಾದರೆ ತಡ.

ಬ್ಯಾಂಕಿನ ಐಎಫ್‌ಎಸ್‌ಸಿಯನ್ನು ಹಳೆಯ ಪಾಸ್‌ಬುಕ್ ನೋಡಿ ಬರೆಯಲು ಬಿಡಬೇಡಿ. ಮನೆಯಲ್ಲಿರುವ ಪಾಸ್‌ಬುಕ್ ಸಿಂಡಿಕೇಟ್ ಬ್ಯಾಂಕಿನದೋ ಕಾರ್ಪೊರೇಷನ್ ಬ್ಯಾಂಕಿನದೋ ಆಗಿರಬಹುದು, ಕರಾವಳಿಯಲ್ಲಂತೂ ಸಾಮಾನ್ಯ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಸಿಂಡಿಕೇಟ್‌ನ ಹಳೆಯ ಕೋಡ್‌ಗಳು 2021ರ ಜುಲೈಯಿಂದ ನಡೆಯುವುದಿಲ್ಲ. ಒಂದು ರೂಪಾಯಿ ಕಳಿಸಿ ನೋಡಿ, ಅಲ್ಲಿಗೆ ಅನುಮಾನ ಮುಗಿಯಿತು.

ಪಿಎಫ್‌ನಲ್ಲಿ ಈಗ ಎಚ್‌ಆರ್ ಕೂತಲ್ಲೇ ಮಾಡಿ ಮುಗಿಸಲಾಗದ ಒಂದು ಹೆಜ್ಜೆ ಇದೆ. 2025ರ ಆಗಸ್ಟ್‌ನಿಂದ ಮೊದಲ ಸಲ ಕೆಲಸಕ್ಕೆ ಸೇರುವವರ ಯುಎಎನ್ ನಂಬರನ್ನು (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರು) ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಪಡೆಯಬೇಕು. ಫೋನ್ ಅವರದು, ಮುಖ ಅವರದು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಬೇಕು. ಆ ನಂಬರ್ ಅಪ್ಪನದೋ ಅಣ್ಣನದೋ ಆಗಿರುವುದು ಹೊಸದಾಗಿ ಡಿಗ್ರಿ ಮುಗಿಸಿದವರಲ್ಲಿ ತುಂಬ. ಹಾಗಾಗಿ ಈ ಕೆಲಸ ಒಂದು ವಾರ ಮುಂಚೆಯೇ ಆಗಲಿ. ಮುಂಚೆ ಕೆಲಸ ಮಾಡಿದವರಾದರೆ ಹಳೆಯ ಯುಎಎನ್ ಕೇಳಿ ಅದನ್ನೇ ಮುಂದುವರಿಸಿ. ಹಿಂದಿನ ಕಂಪನಿ ಬಿಟ್ಟ ತಾರೀಖು ಪೋರ್ಟಲ್‌ನಲ್ಲಿ ದಾಖಲಾಗಿದೆಯೇ ಅಂತಲೂ ನೋಡಿಸಿ. ಹಿಂದಿನವರು ಹಾಕದಿದ್ದರೆ ಕೊನೆಯ ವಂತಿಗೆ ಆಗಿ ಎರಡು ತಿಂಗಳಾದ ಮೇಲೆ ಉದ್ಯೋಗಿಯೇ ಹಾಕಿಕೊಳ್ಳಬಹುದು.

ತೆರಿಗೆಯಲ್ಲಿ ವರ್ಷದ ನಡುವೆ ಸೇರುವವರು ಹಿಂದಿನ ಕಂಪನಿಯ ಸಂಬಳದ ವಿವರ ಕೊಡದೆ ಉಳಿಯುತ್ತಾರೆ. ಹೊಸ ತೆರಿಗೆ ಪದ್ಧತಿಯ ಲೆಕ್ಕದಲ್ಲಿ ಒಂದು ಉದಾಹರಣೆ ನೋಡಿ. ಏಪ್ರಿಲ್‌ನಿಂದ ಆರು ತಿಂಗಳು ಹಳೆಯ ಕಂಪನಿಯಲ್ಲಿ 6 ಲಕ್ಷ, ಉಳಿದ ಆರು ತಿಂಗಳು ಹೊಸದರಲ್ಲಿ 8 ಲಕ್ಷ. ಹಳೆಯವರು ವರ್ಷಕ್ಕೆ 12 ಲಕ್ಷ ಅಂತ ಅಂದಾಜಿಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, ತೆರಿಗೆ ಸೊನ್ನೆ ಅಂತ ಹಿಡಿದಿರುತ್ತಾರೆ. ಹೊಸ ಕಂಪನಿಯವರು 8 ಲಕ್ಷ ಮಾತ್ರ ನೋಡಿ ತಾವೂ ಸೊನ್ನೆ ಅನ್ನುತ್ತಾರೆ. ನಿಜದ ಲೆಕ್ಕ 14 ಲಕ್ಷ, ಕಳೆದ ಮೇಲೆ 13.25 ಲಕ್ಷ. 2025–26ರ ದರದಲ್ಲಿ ಸೆಸ್ ಸೇರಿ 81,900 ರೂಪಾಯಿ. ರಿಟರ್ನ್ ಹಾಕುವಾಗ ಒಂದೇ ಕಂತಿನಲ್ಲಿ, ಬಡ್ಡಿ ಸಮೇತ ಕಟ್ಟಬೇಕು. ಬೈಗುಳ ಮಾತ್ರ ಹೊಸ ಕಂಪನಿಗೆ.

ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದವರಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300. ಕಾಸರಗೋಡು, ಸೊಲ್ಲಾಪುರ, ಹೊಸೂರಿನಲ್ಲಿ ಕೂತು ಕೆಲಸ ಮಾಡುವವರಾದರೆ ಯಾವ ರಾಜ್ಯದ ಲೆಕ್ಕ ಅಂತ ಆಡಿಟರ್ ಹತ್ತಿರ ಕೇಳಿಯೇ ಹಿಡಿಯಿರಿ. ಆಧಾರ್, ಪ್ಯಾನ್ ಪ್ರತಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವ ಚಾಳಿ ಬಿಡಿ. ಪೇರೋಲ್ ಪೋರ್ಟಲ್ ಇರುವುದು ಅದಕ್ಕೇ.

ಕರೆಂಟು, ನೆಟ್ಟು

ಮನೆಯಲ್ಲಿ ಇನ್ವರ್ಟರ್ ಇದ್ದರೂ ರೂಟರ್ ಇರುವ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ಇದನ್ನು ಮೊದಲು ಕೇಳಿ. ಇಲ್ಲವಾದರೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಡಬ್ಬಿಯಲ್ಲೇ ಕಳಿಸಿ. ಲೆಕ್ಕ ಸುಲಭ: 10,000 ಎಂಎಎಚ್ ಬ್ಯಾಟರಿ ಅಂದರೆ 37 ವ್ಯಾಟ್ ಅವರ್, ನಷ್ಟ ಕಳೆದು 30 ಹಿಡಿಯಿರಿ. ರೂಟರ್ 8–10 ವ್ಯಾಟ್ ತಿಂದರೆ ಮೂರು ಗಂಟೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ಅಂತ ಫೋಟೊ ತರಿಸಿ ನೋಡಿ. ಫೈಬರ್ ಡಬ್ಬಿ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಗಳಲ್ಲಿ ಎರಡಕ್ಕೂ ಕರೆಂಟ್ ಬೇಕು. ಒಂದಕ್ಕೇ ಹಾಕಿದರೆ ವೈಫೈ ಗುರುತು ಪೂರ್ತಿ ಕಾಣುತ್ತದೆ, ನೆಟ್ ಬರುವುದಿಲ್ಲ.

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮರ ಬಿದ್ದು ಫೈಬರ್ ಹರಿದರೆ ಒಂದು ದಿನದಲ್ಲಿ ಸರಿಯಾಗುವುದು ಅದೃಷ್ಟ. ಬ್ಯಾಕಪ್ ಸಿಮ್ ಬೇರೆ ಕಂಪನಿಯದಾಗಿರಲಿ. ತುಂಬ ಹೊತ್ತು ಕರೆಂಟ್ ಇಲ್ಲದಿದ್ದರೆ ಟವರ್ ಬ್ಯಾಟರಿಯೂ ಇಳಿಯುತ್ತದೆ ಎಂಬುದು ನೆನಪಿರಲಿ. ಗುಂಪಿನ ವಿಡಿಯೊ ಕಾಲ್ ಗಂಟೆಗೆ ಒಂದು ಜಿಬಿ, ಒಮ್ಮೊಮ್ಮೆ ಇನ್ನೂ ಹೆಚ್ಚು ಕುಡಿಯುತ್ತದೆ. ಹಾಟ್‌ಸ್ಪಾಟ್‌ನಲ್ಲಿದ್ದಾಗ ಕ್ಯಾಮೆರಾ ಆಫ್ ಎಂಬುದನ್ನು ನಿಯಮವಾಗಿಯೇ ಬರೆದಿಡಿ, ಅವರು ಕ್ಷಮೆ ಕೇಳುವ ಹಾಗೆ ಇರಬಾರದು.

ಮೊದಲ ವಾರ

ಮೊದಲ ದಿನ ಆರು ಗಂಟೆ ವಿಡಿಯೊ ಕಾಲ್‌ನಲ್ಲಿ ಕೂರಿಸಿ ಪಿಪಿಟಿ ತೋರಿಸುವುದು ಕಂಪನಿಗೆ ತೃಪ್ತಿ ಕೊಡುತ್ತದೆ, ಹೊಸಬರ ತಲೆಯಲ್ಲಿ ಏನೂ ಉಳಿಯುವುದಿಲ್ಲ. ದಿನಕ್ಕೆ ಒಟ್ಟು ಎರಡು ಗಂಟೆ, ಅದೂ ಮುಕ್ಕಾಲು ಗಂಟೆಯ ತುಂಡುಗಳಲ್ಲಿ ಸಾಕು. ಉಳಿದ ಹೊತ್ತಿಗೆ ಕೆಲಸ ಕೊಡಿ. ಮೊದಲ ದಿನ ಮುಗಿಯುವಷ್ಟರಲ್ಲಿ ಒಂದು ಸಣ್ಣ ಕೆಲಸ ಪೂರ್ತಿ ಆಗಿರಬೇಕು: ತಂಡದ ಪುಟದಲ್ಲಿ ತಮ್ಮ ಹೆಸರು ಸೇರಿಸುವುದು, ಸೂಚನೆಗಳಲ್ಲಿ ಕಂಡ ಒಂದು ತಪ್ಪು ತಿದ್ದುವುದು, ಯಾವುದಾದರೂ ಸರಿ. ಅದನ್ನು ಮಾಡಬೇಕಾದರೆ ಲಾಗಿನ್, ಅನುಮತಿ, ಪರಿಶೀಲನೆ ಎಲ್ಲದರ ಮೂಲಕ ಒಮ್ಮೆ ಹಾದುಹೋಗಲೇಬೇಕು. ಎಲ್ಲಿ ಅನುಮತಿ ಬಿಟ್ಟುಹೋಗಿದೆ ಅಂತ ಅವತ್ತೇ ಗೊತ್ತಾಗುತ್ತದೆ.

ಜೊತೆಗಾರರೊಬ್ಬರನ್ನು ಗೊತ್ತು ಮಾಡಿ. ಅವರು ಬಾಸ್ ಆಗಿರಬಾರದು, ತೀರಾ ಹಿರಿಯರೂ ಬೇಡ. ತಾವೇ ಒಂದೆರಡು ವರ್ಷದ ಹಿಂದೆ ಸೇರಿದವರಾದರೆ ಚೆಂದ, ಏನು ಅರ್ಥವಾಗಲಿಲ್ಲ ಎಂಬುದು ಇನ್ನೂ ನೆನಪಿರುತ್ತದೆ. ಆ ವಾರ ಅವರ ಸ್ವಂತ ಕೆಲಸದಲ್ಲಿ ದಿನಕ್ಕೆ ಒಂದೂವರೆ ಗಂಟೆ ಕಡಿಮೆ ಮಾಡಿಕೊಡಿ. ಹಾಗೆ ಮಾಡದೆ 'ಸ್ವಲ್ಪ ನೋಡಿಕೊಳ್ಳಪ್ಪ' ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಬೆಳಗ್ಗೆ ಹನ್ನೊಂದೂವರೆಗೆ, ಸಂಜೆ ನಾಲ್ಕಕ್ಕೆ ಹದಿನೈದು ಹದಿನೈದು ನಿಮಿಷ ಕಾಲ್ ಇರಲಿ. ಕೇಳಲು ಏನೂ ಇಲ್ಲದಿದ್ದರೂ ಸೇರಲಿ, ಸುಮ್ಮನೆ ಕೂತಾಗಲೇ ಪ್ರಶ್ನೆ ಹೊರಬೀಳುವುದು.

'ಅರ್ಥ ಆಯ್ತಾ?' ಅಂತ ಕೇಳಬೇಡಿ. ಅದಕ್ಕೆ 'ಹೂಂ ಸರ್' ಬಿಟ್ಟು ಬೇರೆ ಉತ್ತರವೇ ಇಲ್ಲ. 'ಇವತ್ತು ಎಲ್ಲಿ ನಿಂತುಬಿಟ್ರಿ?', 'ಸ್ಕ್ರೀನ್ ಹಾಕಿ ಒಮ್ಮೆ ಮಾಡಿ ತೋರಿಸಿ' ಅಂತ ಕೇಳಿದರೆ ನಿಜ ಹೊರಬರುತ್ತದೆ. ಇಪ್ಪತ್ತು ನಿಮಿಷ ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಕೇಳಲೇಬೇಕು ಎಂಬ ನಿಯಮ ಇರಲಿ. ನಿಯಮವಾದರೆ ಸಂಕೋಚ ಕಡಿಮೆ.

ಹೇಗೆ ಕೇಳಬೇಕು ಅನ್ನುವುದನ್ನೂ ತೋರಿಸಿಕೊಡಬೇಕು. ಹೊಸಬರ ಮೆಸೇಜ್ ಸಾಮಾನ್ಯವಾಗಿ ಹೀಗಿರುತ್ತದೆ: 10.40ಕ್ಕೆ 'ಹಾಯ್ ಸರ್', 10.55ಕ್ಕೆ 'ಫ್ರೀ ಇದ್ದೀರಾ ಸರ್?'. ಆ ಕಡೆಯವರು ಮೀಟಿಂಗ್ ಮುಗಿಸಿ 12.15ಕ್ಕೆ 'ಹೇಳಿ' ಅನ್ನುತ್ತಾರೆ. ಅಷ್ಟರಲ್ಲಿ ಇವರು ಊಟಕ್ಕೆ ಎದ್ದಿರುತ್ತಾರೆ. ಅರ್ಧ ದಿನ ಹೋಯಿತು, ಪ್ರಶ್ನೆ ಏನೆಂದೇ ಯಾರಿಗೂ ಗೊತ್ತಿಲ್ಲ. ಇದರ ಬದಲು ಒಂದು ಮಾದರಿ ಕೊಟ್ಟುಬಿಡಿ: 'ಸರ್, ರಿಪೋರ್ಟ್ ಪೇಜ್ ತೆಗೆದರೆ ಪರ್ಮಿಷನ್ ಇಲ್ಲ ಅಂತ ಬರ್ತಿದೆ. ಲಾಗೌಟ್ ಮಾಡಿ ನೋಡಿದೆ, ಹೋಗ್ಲಿಲ್ಲ. ಸ್ಕ್ರೀನ್‌ಶಾಟ್ ಹಾಕಿದೀನಿ. ಅಲ್ಲಿತನಕ ಎರಡನೇ ಕೆಲಸ ನೋಡ್ತಿರ್ತೀನಿ.' ನೋಡಿದವರು ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು, ಕೇಳಿದವರೂ ಖಾಲಿ ಕೂರುವುದಿಲ್ಲ.

ಇಂಥದ್ದನ್ನು ಒಬ್ಬರಿಗೇ ಕಳಿಸದೆ ಗುಂಪಿನಲ್ಲಿ ಹಾಕಲಿ. ಬಿಡುವಿದ್ದವರು ಹೇಳುತ್ತಾರೆ, ಮುಂದಿನವರಿಗೂ ಅಲ್ಲೇ ಸಿಗುತ್ತದೆ. ಗುಂಪಿನಲ್ಲಿ ಬರೆಯಲು ಹಿಂಜರಿಯುವುದು ಹೆಚ್ಚಾಗಿ ಇಂಗ್ಲಿಷ್ ತಪ್ಪಾದೀತು ಅನ್ನುವ ಅಂಜಿಕೆಯಿಂದ. ಕನ್ನಡ ಬಲ್ಲ ತಂಡವಾದರೆ ಕನ್ನಡದಲ್ಲೇ ಬರೆಯಿರಿ ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಸಾಲದು, ತಂಡದ ಮುಖ್ಯಸ್ಥರೇ ಮೊದಲು ಒಂದು ಪೆದ್ದು ಪ್ರಶ್ನೆ ಅಲ್ಲಿ ಕೇಳಬೇಕು.

'ಮನೇಲೇ ಇದ್ದೀಯಲ್ಲ, ರೇಷನ್ ತಗೊಂಡು ಬಾ' ಎಂಬುದು ಮನೆಯವರ ತಪ್ಪಲ್ಲ, ಅವರಿಗೆ ವೇಳೆ ಗೊತ್ತಿಲ್ಲ. ಕೆಲಸದ ಗಂಟೆ, ಊಟದ ಬಿಡುವು, ಸಂಜೆ ಮುಗಿಯುವ ಹೊತ್ತು ಪತ್ರದಲ್ಲಿ ಸ್ಪಷ್ಟವಾಗಿದ್ದರೆ ಮನೆಯಲ್ಲಿ ತೋರಿಸಲು ಒಂದು ಆಧಾರ. ಕಂಪನಿಯೂ ರಾತ್ರಿ ಎಂಟಕ್ಕೆ ಕಾಲ್ ಇಡದೆ ಅದಕ್ಕೆ ಬದ್ಧವಾಗಿರಬೇಕು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯ ಸದಸ್ಯರ ಹೆಸರು, ಮೇಲ್ ಐಡಿ ಮೊದಲ ವಾರವೇ ಕೊಡಿ, ಮೂರು ತಿಂಗಳೊಳಗೆ ದೂರು ಕೊಡಬೇಕು ಎಂಬುದನ್ನೂ ಹೇಳಿ. ಆಫೀಸಿನಲ್ಲಿ ಇದು ಗೋಡೆಯ ಮೇಲಿರುತ್ತದೆ, ಮನೆಯಲ್ಲಿ ಆ ಗೋಡೆ ಇಲ್ಲ.

ಏಳನೇ ದಿನ ಹತ್ತು ನಿಮಿಷ, ಮೂವತ್ತನೇ ದಿನ ಮುಕ್ಕಾಲು ಗಂಟೆ ಅವರ ಜೊತೆ ಕೂತುಕೊಳ್ಳಿ. ಮೂವತ್ತನೇ ದಿನದ ಕಾಲ್‌ನಲ್ಲಿ ಡಬ್ಬಿಯಲ್ಲಿ ಬಂದಿದ್ದ ಆ ಹಾಳೆಯನ್ನು ಅವರ ಮುಂದೆ ತೆಗೆಯಿಸಿ. ಯಾವ ಹೆಜ್ಜೆ ಬಿಟ್ಟುಹೋಗಿತ್ತು, ಯಾವ ನಂಬರ್ ಎತ್ತಲಿಲ್ಲ, ಎಲ್ಲಿ ಎಷ್ಟು ಹೊತ್ತು ಕಾದರು ಅಂತ ಅವರ ಕೈಯಲ್ಲೇ ತಿದ್ದಿಸಿ. ಮುಂದೆ ಸೇರುವವರ ಡಬ್ಬಿಗೆ ಹಾಕಬೇಕಾದ್ದು ಅವರು ತಿದ್ದಿದ ಆ ಹಾಳೆಯನ್ನೇ.